ಅಕ್ಕ ಮತ್ತೆ ಮಾತನಾಡಿದ ಸಂಜೆ

ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ಶಿರಂಗಾಲದ ನಮ್ಮ ಮನೆಯ ಜಗಲಿಯಲ್ಲಿ, ತನ್ನ ಮಗು ತೀರಿಕೊಂಡಂದಿನಿಂದ ಮಾತನ್ನೇ ನಿಲ್ಲಿಸಿ, ಸರಿಯಾಗಿ ಉಣ್ಣದೆಯೂ ಇದ್ದ ಅಕ್ಕನ ಎದುರು ನಾನು ಅಳುಕುತ್ತ ಕುಳಿತಿದ್ದೆ. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಭಾವ ಮರುದಿನವೇ ಅವಳನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸುವವರಿದ್ದರು. "ಸೈಕಾಲಜಿ ಓದಿದ್ದೀಯಲ್ಲ, ನೀನೇ ಮಾತಾಡ್ಸು" ಎಂದು ಅಪ್ಪ ನನ್ನನ್ನು ಕೂರಿಸಿದ್ದರು.

ಮನೋವಿಶ್ಲೇಷಣೆಯ ಪಾಠವನ್ನು ನೆನೆದು ಬಾಲ್ಯದ ವಿಷಯ ಕೇಳಿದೆ, ಮುಖ ತಿರುಗಿಸಿದಳು. ವರ್ತನಾವಾದದಂತೆ ಬಹುಮಾನದ ಆಸೆ ತೋರಿಸಿ, ಉಂಡರೆ ಹೊಸ ಸೀರೆ ಎಂದೆ, ಕಣ್ಣು ಮುಚ್ಚಿಕೊಂಡಳು. ಉಳಿದದ್ದು ಮಾನವತಾವಾದದ ಕ್ರಮ: ಬುದ್ಧಿ ಹೇಳದೆ ಕೇಳಿಸಿಕೊಂಡು, ಎದುರಿನವರ ನೋವನ್ನು ಅವರಿಗೇ ಮರಳಿ ಹೇಳುವುದು. ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳು ಬಾಯಿ ತೆರೆದಳು.

"ಈ ಮನೇಲಿ ಗೌರಿ ಹೆಸ್ರು ಯಾರೂ ಎತ್ತಲ್ಲ ಕಣೋ."

"ಯಾರೂ ಎತ್ತಲ್ಲ ಅಂತ ನಿಂಗೆ ಸಂಕಟ."

"ನಾನಂದಿದ್ದನ್ನೇ ತಿರುಗ್ಸಿ ಹೇಳೋಕೆ ಮೈಸೂರಿಗೆ ಹೋಗಿ ಓದ್ಬೇಕಿತ್ತಾ?" ಎಂದು ನಕ್ಕವಳು, ನಗುತ್ತಲೇ ಬಿಕ್ಕಿಬಿಕ್ಕಿ ಅತ್ತಳು. ಅವಳ ದುಃಖವನ್ನು ಕೆದಕಬಾರದೆಂದು ಮಗುವಿನ ಹೆಸರೆತ್ತದಂತೆ ನಮ್ಮನ್ನೆಲ್ಲ ತಡೆದಿದ್ದ ಅಮ್ಮ, ಒಳಗಿನಿಂದ ಬಂದು ಅವಳನ್ನು ತಬ್ಬಿಕೊಂಡರು.

ಯಾವ ಸಿದ್ಧಾಂತ ಫಲಿಸಿತೋ ಖಚಿತವಾಗಿ ಹೇಳಲಾರೆ. ಭಾವ ಬೆಂಗಳೂರಿನ ಪ್ರಯಾಣವನ್ನು ಕೈಬಿಟ್ಟರು. ಅಕ್ಕ ಪಾಲಿಬೆಟ್ಟಕ್ಕೆ ಮರಳಿದ್ದಾಳೆ. ನಮ್ಮ ಮನೆಯಲ್ಲಿ ಈಗ ಗೌರಿಯ ಬಗ್ಗೆ ಎಲ್ಲರೂ ಮಾತನಾಡುತ್ತೇವೆ.