ಹನ್ನೊಂದು ಮನೆಯ ಕಾರು

ಅವರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಒಂದೂವರೆ ಪಟ್ಟು ದಪ್ಪವಿತ್ತು. ಪಂಚೆ ಮೇಲೆತ್ತಿ ಕಟ್ಟಿ ಜಗಲಿಯಲ್ಲಿ ಕೂತರೆ ಇಬ್ಬರು ಬೇರೆ ಬೇರೆ ಮನುಷ್ಯರ ಕಾಲುಗಳನ್ನು ತಂದು ಒಬ್ಬರಿಗೆ ಜೋಡಿಸಿದಂತೆ ಕಾಣುತ್ತಿತ್ತು. ಶಿರೂರು–ಕುಂದಾಪುರ ಲೈನಿನಲ್ಲಿ ಮೂವತ್ತು ವರ್ಷ ಬಸ್ಸಿನ ಕ್ಲಚ್ಚು ತುಳಿದುದರ ಫಲ ಅದು. ಹಾಗಾದರೆ ಬ್ರೇಕಿನ ಕಾಲು ಯಾಕೆ ಸಣಕಲಾಯಿತು ಎಂದು ಒಮ್ಮೆ ಕೇಳಿದ್ದೆ. "ನಮ್ ಲೈನಂಗೆ ಬ್ರೇಕ್ ಯಾರ್ ಒತ್ತುದ್ ಮಾಷ್ಟ್ರೆ?" ಎಂದಿದ್ದರು.

ಗುಲ್ವಾಡಿಯ ಹೊಳೆಬದಿಯಲ್ಲಿ ಒಂದು ಮಣ್ಣಿನ ರಸ್ತೆ, ಅದಕ್ಕೆ ಹನ್ನೊಂದು ಮನೆ. ಅವರದು ನಮ್ಮ ಪಕ್ಕದ್ದು. ಅವರಿಗಿಂತ ಹಿರಿಯರೂ ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಡ್ರೈವರಣ್ಣ ಒಂದು ಹಳೆಯ ಜೀಪು ತಂದರು. ತಂದ ದಿನವೇ ಕುಂದಾಪುರ ಬಸ್‌ಸ್ಟ್ಯಾಂಡಿನ ಬಳಿ ಕೀ ಮಾಡುವವನಲ್ಲಿಗೆ ಹೋಗಿ, ಅದರ ಕೀಗೆ ನಕಲು ಮಾಡಿಸಿ ಮನೆಗೊಂದರಂತೆ ಹಂಚಿದರು. ಜೊತೆಗೆ ಒಂದು ಶಾಸನವೂ ಹೊರಟಿತು: ಮದುವೆ ಮುಂಜಿಗೆ ಬೇಕಾದರೆ ಕೇಳಬೇಕು, ಆಸ್ಪತ್ರೆಗಾದರೆ ಕೇಳಲೇಬಾರದು. ಮನೆಗೊಬ್ಬರಿಗೆ ಗಾಡಿ ಬಿಡಲು ಕಲಿಸಿದ್ದೂ ಅವರೇ. ನನಗೆ ಕಲಿಸಲು ಹೊರಟು ತಮ್ಮ ಗೇಟು ಕಳೆದುಕೊಂಡರು. ಆಮೇಲೆ ನನ್ನ ಹೆಂಡತಿಗೆ ಕಲಿಸಿದರು, ಅವಳು ಕಲಿತಳು. ಆ ಜೀಪಿನಲ್ಲಿ ಎಷ್ಟೋ ಬಸುರಿಯರು ಆಸ್ಪತ್ರೆ ಕಂಡರು. ಒಂದು ಕೂಸು ಆಸ್ಪತ್ರೆಯವರೆಗೆ ಕಾಯುವ ತಾಳ್ಮೆಯಿಲ್ಲದೆ ಹಿಂದಿನ ಸೀಟಿನಲ್ಲೇ ಭೂಮಿಗೆ ಬಂತು.

"ಗಾಡಿ ಅಂಬುದ್ ಹೋಪುಕೆ," ಎನ್ನುತ್ತಿದ್ದರು. "ನಿಂತ್ಕಂಡಿಪ್ಪುಕೆ ಮರ ಇಲ್ಯಾ?"

ಅವರ ಮಗನಿಗೆ ಮುಂಬೈಯಲ್ಲಿ ಹೋಟೆಲು. ಅಪ್ಪಯ್ಯ ಈ ವಯಸ್ಸಿನಲ್ಲಿ ಜೀಪಿನಲ್ಲಿ ಕುಲುಕಾಡುವುದು ಅವನಿಗೆ ಸಹಿಸಲಾಗಲಿಲ್ಲ. ಊರಿಗೆ ಬಂದವನು ಜೀಪನ್ನು ಮಾರಿ ಬೆಳ್ಳನೆಯ ಹೊಸ ಕಾರು ತಂದು ನಿಲ್ಲಿಸಿದ. ಕಾರಿನ ಜೊತೆ ಕಂಪೆನಿ ಎರಡು ಕೀ ಕೊಟ್ಟಿತ್ತು. ಒಂದನ್ನು ಅಪ್ಪನಿಗೆ ಕೊಟ್ಟು, ಇನ್ನೊಂದನ್ನು ಭದ್ರವಾಗಿರಲಿ ಎಂದು ತಾನೇ ಮುಂಬೈಗೆ ಒಯ್ದ.

ಮರುದಿನ ಡ್ರೈವರಣ್ಣ ಅದೇ ಕೀ ಮಾಡುವವನಲ್ಲಿಗೆ ಹೋದರು. ಸಂಜೆಯೊಳಗೆ ಉಳಿದ ಹತ್ತು ಮನೆಗೂ ಹೊಸ ಕೀ ಬಂತು. ನಾವೆಲ್ಲ ಒಮ್ಮೆ ಬಾಗಿಲು ತೆರೆದು ನೋಡಿದೆವು. ತೆರೆಯಿತು. ಬಾಗಿಲು ತೆರೆದ ಕಾರು ಹೊರಡದೆ ಇನ್ನೇನು ಮಾಡೀತು ಎಂಬುದು ಹನ್ನೊಂದು ಮನೆಗಳ ಒಮ್ಮತದ ತೀರ್ಮಾನವಾಗಿತ್ತು.

ಏಪ್ರಿಲಿನ ಒಂದು ಮಧ್ಯಾಹ್ನ ಹಿತ್ತಲಲ್ಲಿ ತೆಂಗಿನ ಮಡಲು ಎಳೆಯುತ್ತಿದ್ದ ನನ್ನ ಹೆಂಡತಿಯ ಕುತ್ತಿಗೆಗೆ ಕಣಜ ಕಚ್ಚಿತು. ಒಳಗೆ ಬಂದು ಕೂರುವಷ್ಟರಲ್ಲಿ ತುಟಿ ಊದಿತ್ತು. ನೀರು ಕೊಟ್ಟರೆ ಇಳಿಯಲಿಲ್ಲ. ಉಸಿರಿನಲ್ಲಿ ಸೀಟಿಯಂಥ ಸದ್ದು. ಡ್ರೈವರಣ್ಣ ಯಾರದೋ ಮದುವೆಗೆಂದು ದಿಬ್ಬಣದ ಬಸ್ಸಿನಲ್ಲಿ ಕೊಲ್ಲೂರಿಗೆ ಹೋಗಿದ್ದರು. ಕಾರು ಅಂಗಳದಲ್ಲೇ ಇತ್ತು. ನಾನು ಕೀ ಹಿಡಿದು ಓಡಿದೆ. ಮೀನು ವ್ಯಾಪಾರದ ಎದುರುಮನೆ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಸ್ಟೇರಿಂಗಿಗೆ ಕೂತರು.

ಕೀ ತಿರುಗಿಸಿದ್ದೇ ಕಾರು ಬೊಬ್ಬೆ ಹೊಡೆಯತೊಡಗಿತು. ಅಕ್ಕ ಮತ್ತೆ ತಿರುಗಿಸಿದರು. ಇಂಜಿನ್ನು ಒಮ್ಮೆ ಕೆಮ್ಮಿ ಸತ್ತಿತು. ಇನ್ನೊಮ್ಮೆ, ಅದೇ. ಎದುರಿಗೆ ಒಂದು ಕೆಂಪು ದೀಪ ಕಣ್ಣು ಮಿಟುಕಿಸುತ್ತಿತ್ತು. ಬೊಬ್ಬೆ ಕೇಳಿ ಹತ್ತೂ ಮನೆಯವರು ಬಂದರು. ಬಂದವರೆಲ್ಲ ತಂತಮ್ಮ ಕೀ ತಂದಿದ್ದರು. ಒಂದೊಂದಾಗಿ ಹಾಕಿ ನೋಡಿದೆವು.

"ಹತ್ತೂ ಸತ್ತ್ ಕೀಯೇ!" ಎಂದು ಅಕ್ಕ ಅಳುದನಿಯಲ್ಲಿ ಕೂಗಿದರು.

ಹೆಂಡತಿಯ ಉಸಿರು ಸಣ್ಣದಾಗುತ್ತಿತ್ತು, ಕಾರಿನ ಬೊಬ್ಬೆ ದೊಡ್ಡದಾಗುತ್ತಿತ್ತು. ನಲವತ್ತು ವರ್ಷ ಮಕ್ಕಳಿಗೆ ಕದಿಯಬಾರದೆಂದು ಪಾಠ ಹೇಳಿದ ನನ್ನನ್ನು ಅದು ಕಳ್ಳನೆಂದು ಊರಿಗೆ ಸಾರುತ್ತಿತ್ತು. ಆಂಬುಲೆನ್ಸಿಗೆ ಫೋನು ಮಾಡಿದರೆ "ಹೊರಟಿದೆ" ಎಂಬ ಉತ್ತರ. ಕೊನೆಗೆ ಅಕ್ಕನ ಗಂಡ ಗಂಗೊಳ್ಳಿಗೆ ಹೊರಟಿದ್ದ ಮೀನಿನ ಟೆಂಪೋವನ್ನು ಅರ್ಧ ದಾರಿಯಿಂದ ತಿರುಗಿಸಿ ತಂದರು. ಮಂಜುಗಡ್ಡೆಯ ನೀರು ಸುರಿಸುತ್ತಾ ಅದು ಕುಂದಾಪುರ ಮುಟ್ಟಿತು. ಡಾಕ್ಟರು ಸೂಜಿ ಚುಚ್ಚಿ, "ಇನ್ನು ಸ್ವಲ್ಪ ತಡವಾಗಿದ್ದರೆ..." ಎನ್ನುತ್ತಾ ಮುಂದಿನ ಹಾಸಿಗೆಗೆ ಹೋದರು.

ಇಳಿಹೊತ್ತಿಗೆ ಡ್ರೈವರಣ್ಣ ಮದುವೆಯ ಅಂಗಿಯಲ್ಲೇ ಆಸ್ಪತ್ರೆಗೆ ಬಂದರು. ಅವಳು ಮಲಗಿದ್ದನ್ನು ಬಾಗಿಲಲ್ಲೇ ನಿಂತು ನೋಡಿದರು. ಕಿಸೆಯಿಂದ ಕಂಪೆನಿಯ ಕೀ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಇವ್ರ್ ಉಸ್ರ್ ನನ್ ಕಿಸೆಯಂಗ್ ಇತ್ತಲ್ಲ ಮಾಷ್ಟ್ರೆ. ನಾ ಕೊಲ್ಲೂರಂಗೆ ಪಾಯ್ಸ ಉಣ್ತಾ ಇದ್ದಿದ್ದೆ."

ಆ ವಾರವೇ ನನ್ನನ್ನೂ ಕರೆದುಕೊಂಡು ಬ್ರಹ್ಮಾವರದ ಕಡೆಯ ಸರ್ವಿಸ್ ಸೆಂಟರಿಗೆ ಹೋದರು. ಟೈ ಕಟ್ಟಿದ ಒಬ್ಬ ಗೃಹಸ್ಥ ನಮಗೆ ಜ್ಞಾನದಾನ ಮಾಡಿದ. ಕೀಯೊಳಗೆ ಒಂದು ಚಿಪ್ಪು ಇರುತ್ತದೆ, ಕಾರು ಅದರ ಗುರುತು ಕೇಳುತ್ತದೆ, ಗುರುತು ಸಿಗದಿದ್ದರೆ ಇಂಜಿನ್ನು ಬಂದ್. ಫ್ಯಾಕ್ಟರಿಯಲ್ಲೇ ಹಾಕಿ ಕಳಿಸುತ್ತಾರೆ.

"ಇದ್ ನನ್ ಕಾರಾ, ನಿಮ್ದಾ?" ಡ್ರೈವರಣ್ಣ ಕೇಳಿದರು.

"ನಿಮ್ಮದೇ ಸರ್. ಇದು ನಿಮ್ಮ ಸೇಫ್ಟಿಗೆ. ಕಳ್ಳರು ಇರ್ತಾರಲ್ಲ."

"ನಮ್ಮಲ್ ಇಪ್ಪುದ್ ಹನ್ನೊಂದ್ ಮನಿ. ಅದ್ರಂಗೆ ಕಳ್ಳ ಯಾರ್ ಅಂದೇಳಿ ನೀವೇ ಹೇಳಿ. ಅವ್ನೊಬ್ನ ಬಿಟ್ಟ್, ಬಾಕಿ ಹತ್ತ್ ಮನಿಗೆ ಕೀ ಕೊಡಿ."

ಅಷ್ಟೊಂದು ಕೀಗೆ ಅವಕಾಶವಿಲ್ಲ ಎಂದ. ಓನರು ಒಬ್ಬರೇ ತಾನೇ, ಹನ್ನೊಂದು ಕೀ ಯಾತಕ್ಕೆ ಎಂದೂ ಕೇಳಿದ. ಡ್ರೈವರಣ್ಣನ ಕಿವಿ ಕೆಂಪಾಯಿತು.

"ಸಾಯುಕೆ ಓನರ್ ಒಬ್ನೇ ಅಲ್ದಾ ಇಪ್ಪುದ್?" ಎಂದು ಎದ್ದು ಬಂದರು.

ಮಗನಿಗೆ ಫೋನು ಮಾಡಿ ಮುಂಬೈಯ ಕೀಯನ್ನು ಕೊರಿಯರಿನಲ್ಲಿ ತರಿಸಿದರು. ಕುಂದಾಪುರದ ಹಳೆಯ ಪರಿಚಯದ ವಯರಿಂಗಿನವರೊಬ್ಬರು ಮೊದಲು ಕಿವಿಮುಚ್ಚಿಕೊಂಡರು. ವಾರಂಟಿ ಹೋಗುತ್ತದೆ, ಕದ್ದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ ಎಂದರು. ಆಮೇಲೆ ಆ ಕೀಯನ್ನು ಬಿಚ್ಚಿ, ಹುಣಸೆಬೀಜಕ್ಕಿಂತ ಚಿಕ್ಕದಾದ ಕರಿಯ ತುಂಡೊಂದನ್ನು ತೆಗೆದು, ಸ್ಟೇರಿಂಗಿನ ಕೆಳಗೆ, ಕೀ ಹಾಕುವ ತೂತಿನ ಮಗ್ಗುಲಿಗೇ ಗಾಯದ ಪ್ಲಾಸ್ಟರಿನಿಂದ ಅಂಟಿಸಿದರು. ಬೊಬ್ಬೆಯ ವಯರನ್ನು ಕಿತ್ತರು. ಇನ್ನು ಯಾವ ಕೀ ಹಾಕಿದರೂ ಗುರುತು ಹೇಳುವ ಸಾಕ್ಷಿ ಪಕ್ಕದಲ್ಲೇ ಕೂತಿರುತ್ತಿತ್ತು.

ಈ ಸಲ ಡ್ರೈವರಣ್ಣ ಬಾಗಿಲನ್ನು ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದೂ ಮನೆಯವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೂ ಕೂತು, ಕೀ ತಿರುಗಿಸಿ, ಇಂಜಿನ್ನು ಸ್ಟಾರ್ಟಾದದ್ದನ್ನು ಕೇಳಿ ಇಳಿಯಬೇಕು. ಮೂಲೆಮನೆಯ ಅಜ್ಜಿಗೆ ಗಾಡಿ ಬಿಡಲು ಬರುವುದಿಲ್ಲ, ಕಣ್ಣೂ ಮಂಜು. ಅವರೂ ಹಠ ಹಿಡಿದು ಕೂತರು. ಕಾರು ಸ್ಟಾರ್ಟಾಯಿತು.

"ಎಲ್ಲಿಗ್ ಹ್ವಾಪ ಅಬ್ಬೆ?" ಎಂದು ಡ್ರೈವರಣ್ಣ ಕೇಳಿದರು.

"ನಂಗೆಂತಕ್ಕ್ ಮಗಾ ಅವ್ಸರ? ನೀನೇ ಮೊದ್ಲ್ ಹೋಗ್," ಎಂದರು ಅಜ್ಜಿ.

ನಕ್ಕೆವು. ಆದರೆ ಮೊದಲು ಹೋದದ್ದು ಡ್ರೈವರಣ್ಣನೇ. ಕಳೆದ ವರ್ಷ, ಊಟ ಮುಗಿಸಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಯಾರಿಗೂ ಕಾರು ತೆಗೆಯುವ ಕೆಲಸ ಕೊಡಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಮಗ ನನ್ನ ಪಕ್ಕದ ಎಲೆಗೆ ಕೂತ. ಕಾರನ್ನು ಮುಂಬೈಗೆ ಒಯ್ಯುವ ಮೊದಲು ಸರ್ವಿಸಿಗೆ ಬಿಟ್ಟಿದ್ದನಂತೆ. ಯಾವನೋ ತಿಳಿಗೇಡಿ ಚಿಪ್ಪು ಅಂಟಿಸಿ ಸಿಸ್ಟಮ್ಮನ್ನೇ ಹಾಳು ಮಾಡಿದ್ದಾನೆ ಎಂದು ಅಲ್ಲಿಯವರು ಕಿತ್ತು ಸರಿಮಾಡಿ ಕೊಟ್ಟರಂತೆ.

"ಅಪ್ಪಯ್ಯಂದ್ ಎಂತ ಹುಚ್ಚ್ ಕಾಣಿ ಮಾಷ್ಟ್ರೆ! ಯಾರ್ ಬೇಕಾರೂ ತಕಂಡ್ ಹೋಪಂಗ್ ಮಾಡಿ ಇಟ್ಟಿದ್ರ್. ನಮ್ ಪುಣ್ಯ, ಯಾರೂ ತಕಂಡ್ ಹೋಯ್ಲ."

ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಳು.

"ತಕಂಡ್ ಹೋಯಿದ್ರ್ ಮಗಾ," ಎಂದಳು. "ಮೂರ್ ಸರ್ತಿ, ಆಸ್ಪತ್ರಿಗೆ. ಮೂರ್ ಸರ್ತಿಯೂ ಕಾರೂ ವಾಪಾಸ್ ಬಂತ್, ಹೋದವ್ರೂ ಬಂದ್ರ್."

ಅವನು ಅನ್ನದ ನಡುವೆ ಸಾರಿಗೆ ಗುಂಡಿ ಮಾಡಿಕೊಂಡ. ಮಗ ಕೆಟ್ಟವನಲ್ಲ. ಆದರೂ ಎರಡು ದಿನ ಬಿಟ್ಟು ಕಾರು ಮುಂಬೈಗೆ ಹೋಯಿತು, ಪರಮ ಸುರಕ್ಷಿತವಾಗಿ. ಈಗ ಹೊಳೆಬದಿಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ನಾವು ಫೋನು ಮಾಡುತ್ತೇವೆ. ಹೊರಟಿದೆ ಎನ್ನುತ್ತಾರೆ. ರಸ್ತೆ ನೋಡುತ್ತಾ ನಿಲ್ಲುತ್ತೇವೆ.