ಎಡಗೈಯ ಭಾರ

ಹಸಿದ ಸೊಸೆಗೆ ಅತ್ತೆಯ ಪೂಜೆಗಿಂತ ಉದ್ದವಾದದ್ದು ಈ ಲೋಕದಲ್ಲಿ ಬೇರೊಂದಿಲ್ಲ, ಗೆಳತಿ. ನಿಜಾಮರ ಕಾಲ, ತೆಂಗಳಿಯ ನಮ್ಮ ಮನೆಯಲ್ಲಿ ಅತ್ತೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣೆಯ ಮೇಲೆ ಕುಳಿತರೆ, ಅವರು ಏಳುವವರೆಗೆ ಯಾರೂ ಹನಿ ನೀರು ಮುಟ್ಟುವಂತಿರಲಿಲ್ಲ. ಆ ವರ್ಷವಂತೂ ಪೂಜೆ ಗಳಿಗೆಯಿಂದ ತಾಸಿಗೆ, ತಾಸಿನಿಂದ ಎರಡು ತಾಸಿಗೆ ಬೆಳೆಯಿತು. ಅರವತ್ತು ದಾಟಿದ ಮುದುಕಿ ಕಣ್ಮುಚ್ಚಿ ಕದಲದೆ ಕುಳಿತದ್ದನ್ನು ಕಂಡ ಓಣಿಯವರು ಶಿವಯೋಗ ಸಿದ್ಧಿಸಿತೆಂದು ಬಾಗಿಲಲ್ಲೇ ಅಡ್ಡಬೀಳತೊಡಗಿದರು. ನನ್ನ ಗಂಡ ಹೆಮ್ಮೆಯಿಂದ ಮೀಸೆ ತಿರುವಿದ. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಬೆಳಗ್ಗೆ, ಮುಗಿಯಿತೋ ಇಲ್ಲವೋ ಎಂದು ಇಣುಕಿದರೆ, ಅತ್ತೆ ತುಟಿ ಕಚ್ಚಿ, ಎಡ ಮೊಣಕೈಗೆ ಬಲಗೈ ಆನಿಸಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು.

“ಅತ್ತಿ, ಏನಾಗ್ಲಿಕತ್ತದ್ರಿ?”

“ಎದಿಯಾಗ ಗಡ್ಡಿ ಎದ್ದದ. ಕೈ ಎತ್ತಿದ್ರ ಜೀವ ಹೋದಂಗಾಗ್ತದ. ಏಳ್ಲಿಕ್ಕ ಶಕ್ತಿ ಇಲ್ಲಂತ ಕುಂತಿರ್ತೀನಿ, ಮಂದಿ ಬಂದು ಕಾಲಿಗಿ ಬೀಳ್ತಾರ.”

ವಾಡಿ ಪಟ್ಟಣದಿಂದ ಬಂದ ಡಾಕ್ಟರು ಅದು ಕ್ಯಾನ್ಸರ್, ಕಂಕುಳಿಗೂ ಹಬ್ಬಿದೆ, ಇನ್ನು ನೋವು ತಗ್ಗಿಸುವುದೊಂದೇ ದಾರಿ ಎಂದು ಅಫೀಮಿನ ಗುಳಿಗೆ ಕೊಟ್ಟರು. ಅತ್ತೆ ಮುಟ್ಟಲಿಲ್ಲ. ಮಂಪರಿನಲ್ಲಿ ಕೈ ಸಡಿಲಿ ಲಿಂಗ ನೆಲಕ್ಕೆ ಬಿದ್ದರೆ ತಾನು ಬದುಕಿರುವುದೇ ತಪ್ಪೆಂದು ನಂಬಿದ ಜೀವ ಅದು. ಪೂಜೆ ತಪ್ಪಿದರೆ ಅವರಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

ನೋವಿಗಾದರೂ ನರಳುವ ಬಾಯಿದೆ, ದಣಿವಿಗೆ ಅದೂ ಇಲ್ಲ. ವಯಸ್ಸಾದವರು ಸುಮ್ಮನೆ ಕುಳಿತರೆ ನಾವು ಅದಕ್ಕೆ ಶಾಂತಿ, ಭಕ್ತಿ, ಇಲ್ಲವೇ ಮೈಗಳ್ಳತನ ಎಂದು ಬೇಕಾದ ಹೆಸರಿಟ್ಟು ನಮ್ಮ ಕೆಲಸಕ್ಕೆ ಹೋಗುತ್ತೇವೆ. ನನ್ನ ಹೊಟ್ಟೆಯ ಸಂಕಟವನ್ನೇ ದೊಡ್ಡದೆಂದುಕೊಂಡಿದ್ದ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಂದಿನಿಂದ ದಿನವೂ ಪೂಜೆಯ ಹೊತ್ತಿಗೆ ಅವರ ಪಕ್ಕ ಕುಳಿತು ಆ ಅಂಗೈಯನ್ನೇ ನೋಡುತ್ತಿದ್ದೆ. ಎಂಟನೆಯ ದಿನವೋ ಒಂಬತ್ತನೆಯದೋ, ಕೈ ಗಡಗಡ ನಡುಗಿ ಲಿಂಗ ಬೆರಳ ಅಂಚಿಗೆ ಜಾರಿತು. ಮಡಿ ಮೈಲಿಗೆ ಯೋಚಿಸದೆ ನನ್ನ ಎರಡೂ ಕೈಗಳನ್ನು ಅವರ ಕೈಯಡಿ ಕೊಟ್ಟು ಎತ್ತಿ ಹಿಡಿದೆ. ಅತ್ತೆ ಕಣ್ತೆರೆದರು. ಮೂಗು ಅರಳಿಸಿದರು.

“ಶೇಂಗಾ ಹಿಂಡಿ ತಿಂದೀಯೇನು?”

ಪೂಜೆಗೆ ಮೊದಲೇ ಕದ್ದು ತಿಂದ ಚಟ್ನಿಪುಡಿಯ ವಾಸನೆ ಬೆರಳಲ್ಲೇ ಇತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಲ್ಲಿ ಲಿಂಗವಿತ್ತು.

“ಹೂಂನ್ರಿ. ಒಂದು ರೊಟ್ಟಿನೂ ತಿಂದೀನ್ರಿ.”

ಅತ್ತೆ ತಮ್ಮ ತೋಳಿನ ಭಾರವನ್ನೆಲ್ಲ ಮೆಲ್ಲಗೆ ನನ್ನ ಕೈಗಳ ಮೇಲೆ ಬಿಟ್ಟರು.

“ತಿಂದ ಕೈಗಿ ಬಲ ಇರ್ತದ. ಬಿಡಬ್ಯಾಡ. ನಾಳಿಂದ ನಾ ಗುಳಿಗಿ ನುಂಗ್ತೀನಿ.”