ಮಗಳು ನುಂಗಿದ ಮಾತು

“ಕೂಲಿಯವರ ಮಕ್ಕಳು ವರ್ಷದ ನಡುವೆಯೇ ಊರಿಗೆ ಓಡುತ್ತಾರೆ. ನೀನೂ ಹತ್ತನೇ ತರಗತಿ ಮುಟ್ಟುವವಳಲ್ಲ. ನಿನ್ನ ತಾಯಿಗೆ ಹೇಳು” ಎಂದು ಮುಖ್ಯೋಪಾಧ್ಯಾಯಿನಿ ನನ್ನ ಮಗಳಿಗೆ ಕೊಂಕಣಿಯಲ್ಲಿ ಹೇಳಿದರು. ನನ್ನ ಕಡೆ ನೋಡಲೂ ಇಲ್ಲ.

ಎಂಟನೇ ತರಗತಿಗೆ ಸೇರಿಸುವ ಮೊದಲು ಶಾಲೆ ಹೇಗಿದೆ ನೋಡೋಣವೆಂದು ಗೋವಾದ ಝುವಾರಿನಗರದ ಹತ್ತಿರದ ಆ ಸಣ್ಣ ಸರ್ಕಾರಿ ಹೈಸ್ಕೂಲಿಗೆ ಹೋಗಿದ್ದೆವು. ವಾಸ್ಕೋದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಲೇ ಕೊಂಕಣಿ ನನ್ನ ಕಿವಿಗೆ ಹತ್ತಿದೆ, ನಾಲಿಗೆಗೆ ಹತ್ತಿಲ್ಲ. ಹಾಗಾಗಿ ಎಲ್ಲೇ ಹೋದರೂ ಮಾತು ದಾಟಿಸುವವಳು ಮಗಳೇ. ನನಗೆ ಏನೂ ತಿಳಿಯುವುದಿಲ್ಲ ಎಂದೇ ಅವಳು ನಂಬಿದ್ದಾಳೆ.

ಅವಳು ನನ್ನ ಕಡೆ ತಿರುಗಿದಳು. ಏನೆಂದು ದಾಟಿಸುತ್ತಾಳೋ ಎಂದು ನಾನು ಕಾದೆ.

“ಹತ್ತನೇ ಕ್ಲಾಸ್ ಮುಗಿಯೂತನಕ ಇಲ್ಲೇ ಕಲಿಬೇಕಂತ, ಯವ್ವಾ. ನಡಬರಕ ಬಿಡಿಸಬಾರದಂತ.”

ಮೈಯೆಲ್ಲ ಉರಿಯುತ್ತಿತ್ತು. ಎದ್ದು ಹೊರಟುಬಿಡಬಹುದಿತ್ತು. ಆದರೆ ಮಗಳ ಕಣ್ಣು ನನ್ನ ಮುಖದ ಮೇಲೇ ಇತ್ತು.

“ಬಿಡಸೂದಿಲ್ರಿ ಅಂತ ಹೇಳವ್ವ” ಎಂದೆ. ಅವಳು ಹೇಳಿದಳು. ಆಗ ಮುಖ್ಯೋಪಾಧ್ಯಾಯಿನಿ ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದರು.

ಈಗ ಮಗಳು ಅದೇ ಶಾಲೆಗೆ ಹೋಗುತ್ತಾಳೆ. ನನಗೆ ಕೊಂಕಣಿ ತಿಳಿಯುತ್ತದೆಂದು ಅವಳಿಗೆ ಇನ್ನೂ ಹೇಳಿಲ್ಲ. ಹತ್ತನೇ ತರಗತಿ ಮುಗಿಯಲಿ, ಹೇಳುತ್ತೇನೆ.